ಕಾದಂಬರಿಯೊಳಗಿನ ಮಾಹಿತಿ ಯಾರಿಗೆ ಬೇಕು?

ಬರೆದವರು ಎಷ್ಟು ಓದಿಕೊಂಡಿದ್ದಾರೆ ಎಂಬುದು ಕಾದಂಬರಿಯ ಮೊದಲ ಇಪ್ಪತ್ತು ಪುಟದಲ್ಲೇ ಗೊತ್ತಾಗಿಬಿಟ್ಟರೆ ನನಗೆ ಅನುಮಾನ ಶುರು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಕನ್ನಡ ಕಾದಂಬರಿ ಅಧ್ಯಯನದ ದಾರಿ ಹಿಡಿದಿದೆ. ಪೋರ್ಚುಗೀಸರ ಹಡಗು, ರೇಷ್ಮೆ ವ್ಯಾಪಾರದ ಹಾದಿ, ಅಣೆಕಟ್ಟಿನಡಿ ಮುಳುಗಿದ ಊರು, ನಕ್ಷತ್ರಯಾನ, ಗೇರುಸೊಪ್ಪೆಯ ಅರಸೊತ್ತಿಗೆ ಎಲ್ಲವೂ ಬಂದಿವೆ. ಬರಲಿ, ಒಳ್ಳೆಯದೇ. ನಾಯಕ ಯಾವ ಕೆಲಸ ಮಾಡುತ್ತಾನೆ, ಅವನ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆ ಎಂಬುದೇ ತಿಳಿಯದೆ ಮುನ್ನೂರು ಪುಟ ಮುಗಿದುಹೋಗುವ ಕಾದಂಬರಿಗಳನ್ನು ನಾವು ಸಾಕಷ್ಟು ಓದಿದ್ದೇವೆ. ಆದರೆ ಮಾಹಿತಿ ಕೂಡಿಹಾಕುವುದು ಒಂದು ಕೆಲಸ, ಅದನ್ನು ಕತೆಯೊಳಗೆ ಕೂರಿಸುವುದು ಬೇರೆಯೇ ಕೆಲಸ. ಈಚಿನ ಕಾದಂಬರಿಗಳು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಎರಡನೆಯದರಲ್ಲಿ.

ಪರೀಕ್ಷೆ ಸುಲಭ. ಪೆನ್ಸಿಲ್ ಹಿಡಿದು ಓದಿ. ಇಸವಿ, ಅಳತೆ, ಪದ್ಧತಿ, ಯಂತ್ರ, ವಂಶಾವಳಿ ಏನೇ ಬರಲಿ, ಈ ಸಂಗತಿ ಈ ಹೊತ್ತಿನಲ್ಲಿ ಕತೆಯೊಳಗಿನ ಯಾರಿಗೆ ಬೇಕು ಎಂದು ಕೇಳಿ. ಯಾರಿಗಾದರೂ ಬೇಕಿದ್ದರೆ ಅವರ ಹೆಸರಿನ ಮೊದಲ ಅಕ್ಷರವನ್ನು ಅಂಚಿನಲ್ಲಿ ಬರೆಯಿರಿ. ಓದುಗರಿಗೆ ಮಾತ್ರ ಬೇಕಿದ್ದರೆ ಕತ್ತರಿ ಗುರುತು ಹಾಕಿ. ಅಧ್ಯಾಯಕ್ಕೆ ಒಂದೆರಡು ಕತ್ತರಿ ಬಿದ್ದರೆ ಪರವಾಗಿಲ್ಲ. ಐದಾರು ಬಿದ್ದರೆ ಅದು ಉಪನ್ಯಾಸ. ಇಬ್ಬರು ತಮಗೆ ಮೊದಲೇ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರೆ ("ನಿನಗೇ ಗೊತ್ತಲ್ಲ, ನಮ್ಮ ದೊರೆಗಳು ಇಪ್ಪತ್ತು ವರ್ಷದ ಹಿಂದೆ...") ಎರಡು ಕತ್ತರಿ ಹಾಕಬಹುದು. ಸಂಭಾಷಣೆಯ ವೇಷದಲ್ಲಿ ಬಂದ ಪಾಠಕ್ಕೆ ರಿಯಾಯಿತಿ ಇಲ್ಲ.

ಈ ಪರೀಕ್ಷೆಗೆ ಮೆಣಸು ಬೆಳೆಯುವ ನಮ್ಮ ಕೊಡಗಿನ ಕಡೆಯವರಿಗೆ ತೀರ ಹತ್ತಿರದ ಜೋಡಿಯೊಂದು ಸಿಕ್ಕಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದಾಕೆ, ಎರಡು ಕನ್ನಡ ಕಾದಂಬರಿಗಳಿಗೆ ವಸ್ತುವಾಗಿದ್ದಾಳೆ. ಒಂದು ಕೆ.ಎನ್. ಗಣೇಶಯ್ಯನವರ 'ಬಳ್ಳಿಕಾಳ ಬೆಳ್ಳಿ', ಇನ್ನೊಂದು ಗಜಾನನ ಶರ್ಮರ 'ಚೆನ್ನಭೈರಾದೇವಿ' (2021). ಗಣೇಶಯ್ಯನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಡಿಟಿಪ್ಪಣಿ, ಆಧಾರ ಗ್ರಂಥ, ನಕ್ಷೆ, ಚಿತ್ರ ಎಲ್ಲವನ್ನೂ ಥ್ರಿಲ್ಲರಿನೊಳಗೇ ತರುವುದು ಅವರ ರೀತಿ. ಕತೆ ಓದುವಾಗ ಟಿಪ್ಪಣಿ ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಟಿಪ್ಪಣಿಯಿಂದ ತೊಂದರೆ ಏನೂ ಇಲ್ಲ. ಅವರ 'ಕರಿಸಿರಿಯಾನ'ವನ್ನೇ ನೋಡಿ. 1565ರ ಯುದ್ಧದ ನಂತರ ವಿಜಯನಗರದಿಂದ ಆನೆಗಳ ಮೇಲೆ ಸಾಗಿಸಿದ ಸಂಪತ್ತು ಎಲ್ಲಿಗೆ ಹೋಯಿತು ಎಂಬುದೇ ಅಲ್ಲಿನ ಹುಡುಕಾಟ. ಶಾಸನದ ಒಂದು ಸಾಲು, ಹಳೆಯ ಪ್ರವಾಸಿಯೊಬ್ಬನ ಒಂದು ಮಾತು ಕತೆಯೊಳಗೆ ಹುಡುಕುತ್ತಿರುವವರಿಗೇ ಬೇಕು. ಅವರಿಗೆ ಅದು ಮುಂದಿನ ಮೆಟ್ಟಿಲು, ಓದುಗರಿಗೆ ಪುಟದ ಕೆಳಗೆ ಸಾಕ್ಷಿ. ಹಾಗಾಗಿ ಕತ್ತರಿ ಬೀಳುವುದು ಕಡಿಮೆ. ಅವರ ಕಾದಂಬರಿಗಳು ದಣಿಯುವುದು ಬೇರೆ ಕಡೆ. ವಿಜ್ಞಾನಿ, ಇತಿಹಾಸಕಾರ, ಪೊಲೀಸ್ ಅಧಿಕಾರಿ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಹೆಸರು ಮುಚ್ಚಿಟ್ಟು ಸಂಭಾಷಣೆ ಓದಿದರೆ ಯಾರ ಮಾತು ಯಾವುದೆಂದು ಗುರುತಿಸುವುದು ಕಷ್ಟ.

ಗಜಾನನ ಶರ್ಮರ ದಾರಿ ಪೂರಾ ಬೇರೆ. ಅಲ್ಲಿ ಹುಡುಕಾಟವಿಲ್ಲ, ಆಳ್ವಿಕೆಯಿದೆ. ಮಾಹಿತಿ ಬರುವುದು ಓಲಗದ ಮಾತುಕತೆಯಲ್ಲಿ, ಮಂತ್ರಾಲೋಚನೆಯಲ್ಲಿ. ಸಂಧಾನದ ಪ್ರಸಂಗಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಎದುರಿಗೆ ಕೂತವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದೇ ಅಲ್ಲಿ ಪಣ. ವಂಶದ ವಿವರಗಳು ಬರುವಲ್ಲಿ ಮಾತು ಎಳೆಯುತ್ತದೆ. ಆದರೂ ಪಾತ್ರದ ದೃಷ್ಟಿಯಿಂದ ನನ್ನ ಮತ ಶರ್ಮರಿಗೇ. ಮುಪ್ಪಾಗುತ್ತಿರುವ ರಾಣಿಯೊಬ್ಬಳು ಕನ್ನಡ ಕಾದಂಬರಿಯ ನಡುಮನೆಯಲ್ಲಿ ಹೀಗೆ ಕೂತದ್ದು ಅಪರೂಪ.

ಎರಡರಲ್ಲೂ ನನಗೆ ಇನ್ನಷ್ಟು ಬೇಕಿತ್ತು ಎನಿಸಿದ್ದು ಮೆಣಸೇ. ಮೆಣಸು ಬೆಳೆಯುವವರಿಗೆ ಈ ಕತೆಯ ನಿಜವಾದ ಗಡಿಯಾರ ಎಲ್ಲಿದೆ ಎಂದು ಗೊತ್ತು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ ಕೊಯ್ಲು. ಆಮೇಲೆ ಕಣದಲ್ಲಿ ಬಿಸಿಲಿಗೆ ಹರಡಬೇಕು. ಮೂರು ಕಿಲೋ ಹಸಿ ಮೆಣಸು ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ. ಸರಿಯಾಗಿ ಒಣಗದ ಕಾಳು ಮೂಟೆಯಲ್ಲಿ ಬೂಸ್ಟು ಹಿಡಿಯುತ್ತದೆ, ಪೊಳ್ಳು ಕಾಳಿದ್ದರೆ ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಬೀಳುತ್ತದೆ, ವ್ಯಾಪಾರಿ ಬೆಲೆ ಇಳಿಸುತ್ತಾನೆ. ಈಗ ಸಮುದ್ರದ ಕಡೆ ನೋಡಿ. ಪೋರ್ಚುಗೀಸರ ಹಡಗುಗಳು ಮಲಬಾರ್ ತೀರ ಬಿಟ್ಟು ಲಿಸ್ಬನ್ನಿಗೆ ಮರಳಲು ಡಿಸೆಂಬರ್-ಜನವರಿ ಹೊತ್ತಿಗೆ ಹೊರಡಬೇಕಿತ್ತು, ಇಲ್ಲವಾದರೆ ಗಾಳಿ ಕೈಕೊಡುತ್ತಿತ್ತು. ಅಂದರೆ ಹೊಸ ಮೆಣಸು ಕಣಕ್ಕೆ ಬರುವ ಹೊತ್ತಿಗೇ ಹಡಗು ಲಂಗರು ಎತ್ತುವ ಹೊತ್ತು. ಕಳೆದ ವರ್ಷದ ದಾಸ್ತಾನು ಯಾರ ಕೈಯಲ್ಲಿದೆಯೋ ಬೆಲೆ ಹೇಳುವವರು ಅವರೇ. ಒಬ್ಬ ರಾಣಿಯ ಬಲ ಕೋಟೆಗಿಂತ ಹೆಚ್ಚಾಗಿ ಉಗ್ರಾಣದಲ್ಲಿತ್ತು ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಸಂಗ ಬೇಕೆ? ಅಧ್ಯಯನವೂ ಮೆಣಸಿನ ಹಾಗೆಯೇ, ಮೂರು ಪಾಲು ಕೊಯ್ದರೆ ಒಂದು ಪಾಲು ಪುಟಕ್ಕೆ ಬರಬೇಕು. ಹಸಿಯದನ್ನೇ ಮೂಟೆ ಕಟ್ಟಿದರೆ ತೂಕ ಬರುತ್ತದೆ, ಬಾಳಿಕೆ ಬರುವುದಿಲ್ಲ.

ವಸುಧೇಂದ್ರರ 'ತೇಜೋ-ತುಂಗಭದ್ರಾ' (2019) ಈ ಒಣಗಿಸುವ ಕೆಲಸವನ್ನು ಬಹುಪಾಲು ಮಾಡಿದೆ. ಒಂದು ಕಡೆ ಲಿಸ್ಬನ್, ತೇಜೋ ನದಿ, ಬಲವಂತದ ಮತಾಂತರಕ್ಕೆ ಸಿಕ್ಕ ಯಹೂದಿಗಳು. ಇನ್ನೊಂದು ಕಡೆ ವಿಜಯನಗರದ ಕಾಲದ ತೆಂಬಕಪುರ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಕಾಲಕ್ಕೆ ಎರಡೂ ಎಳೆ ಕೂಡುತ್ತವೆ. ಇಲ್ಲಿ ಅತ್ಯಂತ ಗಟ್ಟಿಯಾಗಿ ನಿಂತಿರುವುದು ಲೆಂಕ ಪದ್ಧತಿಯ ಭಾಗ. ಒಡೆಯನಿಗಾಗಿ ತನ್ನ ಪ್ರಾಣ ಕೊಡುತ್ತೇನೆಂದು ಮಾತು ಕೊಟ್ಟವನು ಲೆಂಕ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ ನೋಡಿದವರಿಗೆ ಇದು ಕಟ್ಟುಕತೆಯಲ್ಲ ಎಂದು ಗೊತ್ತು. ವಸುಧೇಂದ್ರ ಈ ಪದ್ಧತಿಯನ್ನು ವಿವರಿಸಲು ಹೋಗುವುದಿಲ್ಲ, ಅದಕ್ಕೆ ದಿನ ಗೊತ್ತುಮಾಡುತ್ತಾರೆ. ಮಾತು ಕೊಟ್ಟವನಿಗೂ ಅವನ ಮನೆಯವರಿಗೂ ಆ ದಿನ ಯಾವಾಗ ಬರುತ್ತದೆಂಬುದೇ ಬದುಕಿನ ಲೆಕ್ಕವಾಗುತ್ತದೆ. ಮಾಹಿತಿ ಹೀಗೆ ಯಾರದೋ ಕುತ್ತಿಗೆಗೆ ಬಂದು ಕೂತಾಗ ಅಡಿಟಿಪ್ಪಣಿಯ ಅಗತ್ಯವೇ ಬೀಳುವುದಿಲ್ಲ. ಕೊನೆಯ ಭಾಗದ ಬಗ್ಗೆ ನನಗೆ ತಕರಾರಿದೆ. ಎರಡು ಖಂಡಗಳ ಪಾತ್ರಗಳನ್ನು ಒಂದೇ ದಡಕ್ಕೆ ತರಲು ಕಾಕತಾಳೀಯಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದನ್ನು ಒಪ್ಪಬಹುದು, ಎರಡನ್ನು ಕ್ಷಮಿಸಬಹುದು, ಆಮೇಲೆ ಲೇಖಕರ ಕೈ ಕಾಣಿಸತೊಡಗುತ್ತದೆ. ನಂತರದ 'ರೇಷ್ಮೆ ಬಟ್ಟೆ' ಮಧ್ಯ ಏಷ್ಯಾದ ವ್ಯಾಪಾರ ದಾರಿಗೆ, ಬೌದ್ಧರ ಕಾಲಕ್ಕೆ ಹೋಗುತ್ತದೆ. ಹಂಪಿಯ ಬಗ್ಗೆ ನಮಗೆ ಮೊದಲೇ ಒಂದು ಚಿತ್ರವಿದೆ, ಆ ಮರುಭೂಮಿಯ ಬಗ್ಗೆ ಇಲ್ಲ. ಹಾಗಾಗಿ ಅಲ್ಲಿ ಲೇಖಕರು ಹೊರಬೇಕಾದ ಭಾರ ಹೆಚ್ಚು, ಓದುಗರು ಕೊಡಬೇಕಾದ ತಾಳ್ಮೆಯೂ ಹೆಚ್ಚು.

ಶರ್ಮರ 'ಪುನರ್ವಸು' (2019) ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಎರಡನೆಯದು ಬಂದಾಗ ಮೊದಲನೆಯದೇ ಮುಳುಗಿತು. ಈಗಲೂ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಕಟ್ಟೆ ಮೇಲೆ ಕಾಣುತ್ತದೆ. ಭಾರಂಗಿ ಸೀಮೆಯ ಮುಳುಗಡೆಯ ಈ ಕತೆಯನ್ನು ಬರೆದವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು ಎಂಬುದು ಪುಟಪುಟದಲ್ಲಿ ಗೊತ್ತಾಗುತ್ತದೆ. ಆದರೆ ಇಲ್ಲಿ ಅದು ಗುಣವೇ ಆಗಿದೆ. ಕಟ್ಟೆಯ ಎತ್ತರ ಒಂದೊಂದು ಅಡಿ ಏರಿದರೆ ಯಾರ ಗದ್ದೆ, ಯಾರ ಮನೆಯ ಮೆಟ್ಟಿಲು, ಯಾವ ದೇವಸ್ಥಾನ ಎಂಬ ಪ್ರಶ್ನೆ ಊರಿನ ಪ್ರತಿಯೊಬ್ಬರದೂ ಹೌದು. ಅಳತೆ ಎಂಜಿನಿಯರನಿಗೂ ಬೇಕು, ಗದ್ದೆಯ ಒಡೆಯನಿಗೂ ಬೇಕು, ಇಬ್ಬರಿಗೂ ಬೇಕಾದ ಕಾರಣ ಬೇರೆ ಬೇರೆ. ಒಂದೇ ಅಂಕಿ ಎರಡು ಮನಸ್ಸಿನಲ್ಲಿ ಎರಡು ಅರ್ಥ ಪಡೆಯುವಂತೆ ಮಾಡಿದ ಕಾದಂಬರಿ ಕನ್ನಡದಲ್ಲಿ ಹೆಚ್ಚಿಲ್ಲ. ಒಳ್ಳೆಯವರು ತುಸು ಜಾಸ್ತಿಯೇ ಒಳ್ಳೆಯವರಾಗಿದ್ದಾರೆ ಎಂಬ ದೂರನ್ನು ನಾನು ಒಪ್ಪುತ್ತೇನೆ. ಆದರೂ ಈ ಪಟ್ಟಿಯಲ್ಲಿ ಒಂದನ್ನೇ ಓದಲು ಸಮಯವಿದ್ದರೆ ಇದನ್ನು ಓದಿ.

ಮಾಹಿತಿಯನ್ನು ಕೊಡದೇ ಇರುವುದೂ ಒಂದು ಕಸುಬು. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ಮನೆಯ ದುಡ್ಡು ಸೋನಾ ಮಸಾಲಾ ಎಂಬ ವ್ಯಾಪಾರದಿಂದ ಬರುತ್ತದೆ, ಅದನ್ನು ನಡೆಸುವವನು ಚಿಕ್ಕಪ್ಪ. ಮಸಾಲೆ ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ ಎಂಬುದು ನಿರೂಪಕನಿಗೇ ಸರಿಯಾಗಿ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ. ಆ ಗೊತ್ತಿಲ್ಲದಿರುವಿಕೆಯೇ ಕತೆ. ದಿಢೀರ್ ಬಂದ ದುಡ್ಡು ಮನೆಯವರನ್ನು ಏನು ಮಾಡಿತು ಎಂಬುದು ಹಳೆಯ ಮನೆಯ ಇರುವೆಗಳನ್ನು ಅವರು ಹೊಸಕುವ ರೀತಿಯಲ್ಲಿದೆ. 'ಸಕೀನಾಳ ಮುತ್ತು' (2021) ಇದನ್ನೇ ಇನ್ನೂ ಬಿಗಿ ಮಾಡಿದೆ. ವೆಂಕಟರಮಣನ ಮನೆ ಬಾಗಿಲಿಗೆ ಇಬ್ಬರು ಹುಡುಗರು ಬಂದು ಮಗಳು ರೇಖಾಳನ್ನು ಕೇಳುತ್ತಾರೆ. ಅಲ್ಲಿಂದ ನಾಲ್ಕು ದಿನ. ಪತ್ತೇದಾರಿ ಕಾದಂಬರಿಯ ಸಾಮಗ್ರಿ ಪೂರಾ ಇದೆ, ಪತ್ತೆ ಇಲ್ಲ. ಕೊನೆಗೆ ಏನಾಯಿತೆಂದು ಹೇಳದೆ ಬಿಟ್ಟರು ಎಂದು ಸಿಟ್ಟಾಗುವವರು ಒಂದು ಕೆಲಸ ಮಾಡಬಹುದು: ಎರಡನೇ ಸಲ ಓದುವಾಗ ವೆಂಕಟ ಹೆಂಡತಿಯ ಮಾತಿಗೆ ಅಡ್ಡ ಬಾಯಿ ಹಾಕುವ ಜಾಗಗಳನ್ನು ಮಾತ್ರ ಗುರುತು ಹಾಕಿಕೊಂಡು ಹೋಗಿ. ತಾನು ಉದಾರಿ ಎಂದು ನಂಬಿದ ಗಂಡಸಿನ ಬಣ್ಣ ಒಂದೊಂದೇ ಪದರ ಕಳಚುತ್ತದೆ. ಉತ್ತರ ಅಲ್ಲಿದೆ, ಕೊನೆಯ ಪುಟದಲ್ಲಲ್ಲ.

ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ ಪತ್ತೇದಾರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದ ಮೇಲೆ ಕನ್ನಡದಲ್ಲಿ ಆ ಗಾತ್ರದ ಓದುಗವರ್ಗ ಈ ಪ್ರಕಾರಕ್ಕೆ ಮತ್ತೆ ಸಿಗಲಿಲ್ಲ. ಈಗ ಬರುವ ಅನೇಕ ಪತ್ತೇದಾರಿಗಳ ದೋಷ ಒಂದೇ, ಸುಳಿವನ್ನು ಮುಚ್ಚಿಡುತ್ತಾರೆ. ಸುಳಿವನ್ನು ಮುಚ್ಚಿಡಬಾರದು, ಓದುಗರ ಕಣ್ಣೆದುರೇ ಇಟ್ಟು ಗಮನ ಬೇರೆ ಕಡೆ ತಿರುಗಿಸಬೇಕು. ರಿಚರ್ಡ್ ಆಸ್ಮನ್ನರ 'ದ ಥರ್ಸ್‌ಡೇ ಮರ್ಡರ್ ಕ್ಲಬ್' (2020) ಇದಕ್ಕೆ ಒಳ್ಳೆಯ ಪಾಠ. ವೃದ್ಧರ ವಸತಿಯ ನಾಲ್ವರು ಕೊಲೆ ಪತ್ತೆ ಮಾಡುತ್ತಾರೆ. ನಡುನಡುವೆ ಜಾಯ್ಸ್ ಎಂಬಾಕೆಯ ದಿನಚರಿ ಬರುತ್ತದೆ. ಕೇಕು, ಮಗಳ ಫೋನು, ನೆರೆಯವರ ಸುದ್ದಿ ಎಂದು ಹರಟುವ ಆ ಪುಟಗಳಲ್ಲಿ ಕೆಲಸಕ್ಕೆ ಬರುವ ಮಾತೂ ಸೇರಿರುತ್ತದೆ. ಮೂರು ಸಂಗತಿಗಳ ಪಟ್ಟಿಯಲ್ಲಿ ನಡುವಿನದನ್ನು ಓದುಗ ಮರೆಯುತ್ತಾನೆ. ಮೊದಲನೆಯದೂ ಕೊನೆಯದೂ ನೆನಪಿರುತ್ತವೆ. ಸುಳಿವನ್ನು ಎಲ್ಲಿ ಇಡಬೇಕೆಂದು ಬರೆಯುವವರಿಗೆ ಇಷ್ಟು ಸಾಕು. ಕೊನೆಯ ಅಧ್ಯಾಯದಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಅವಳಿ ತಮ್ಮನನ್ನು ಮಾತ್ರ ದಯವಿಟ್ಟು ಇನ್ನು ಮೇಲೆ ಕರೆತರಬೇಡಿ.

ವಿಜ್ಞಾನ ಕಾದಂಬರಿಗೆ ಬರುವಾಗ ನನ್ನ ಪೆನ್ಸಿಲ್ ಹೆಚ್ಚು ಓಡುತ್ತದೆ. ಆಂಡಿ ವೀರ್ ಬರೆದ 'ಪ್ರಾಜೆಕ್ಟ್ ಹೇಲ್ ಮೇರಿ'ಯಲ್ಲಿ (2021) ನಾಯಕ ಎಚ್ಚರಗೊಳ್ಳುವಾಗ ತಾನು ಯಾರು, ಎಲ್ಲಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿದೆ. ವಸ್ತುವೊಂದನ್ನು ಕೆಳಗೆ ಬೀಳಿಸಿ, ಸಮಯ ಅಳೆದು, ಇಲ್ಲಿನ ಗುರುತ್ವ ಸೆಕೆಂಡಿನ ವರ್ಗಕ್ಕೆ 15 ಮೀಟರ್, ಭೂಮಿಯಲ್ಲಿ ಇರಬೇಕಾದ 9.8 ಅಲ್ಲ ಎಂದು ಕಂಡುಕೊಳ್ಳುತ್ತಾನೆ. ಶಾಲೆಯ ಭೌತಶಾಸ್ತ್ರವೇ ಇಲ್ಲಿ ಭಯ ಹುಟ್ಟಿಸುತ್ತದೆ, ಏಕೆಂದರೆ ಆ ಲೆಕ್ಕ ಬೇಕಾಗಿರುವುದು ಅವನಿಗೆ, ಆ ಕ್ಷಣಕ್ಕೆ. ಮರೆವು ಹಳೆಯ ತಂತ್ರವಾದರೂ ಇಲ್ಲಿ ಬೇಕಾದಷ್ಟನ್ನೇ ಬೇಕಾದಾಗ ಕೊಡುವ ನಲ್ಲಿಯಂತಿಲ್ಲದೆ ಕತೆಯ ಭಾಗವೇ ಆಗಿದೆ. ಮನುಷ್ಯರ ನಡುವಿನ ಮಾತು ಬಂದಲ್ಲಿ ವೀರ್ ತೀರ ಸಪ್ಪೆ.

ಎಸ್.ಎಲ್. ಭೈರಪ್ಪನವರ 'ಯಾನ' (2014) ಇದರ ತದ್ವಿರುದ್ಧ. ಸೌರಮಂಡಲ ದಾಟಿ ಹೋಗುವ ನೌಕೆಯಲ್ಲಿ ಒಂದು ಗಂಡು, ಒಂದು ಹೆಣ್ಣು, ಅಲ್ಲೇ ಹುಟ್ಟಿದ ಮಕ್ಕಳು. ಮದುವೆ, ಒಪ್ಪಿಗೆ, ಸಂತಾನ, ಭೂಮಿಯೇ ಇಲ್ಲದ ಕಡೆ ಧರ್ಮ ಎಂದರೇನು ಎಂಬ ತರ್ಕ ನಿಷ್ಠುರವಾಗಿ ನಡೆಯುತ್ತದೆ. ಯಂತ್ರ ಮಾತ್ರ ಹಿನ್ನೆಲೆಯ ಪರದೆ. ದೂರದ ಅಂದಾಜಿಗೆ ಹೇಳುವುದಾದರೆ, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದ ವಾಯೇಜರ್-1 ನಮ್ಮ ಅತಿ ಹತ್ತಿರದ ನಕ್ಷತ್ರದಷ್ಟು ದೂರ ಸಾಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ದೂರದ ಪ್ರಯಾಣದಲ್ಲಿ ನೀರಿನ ಒಂದೊಂದು ಲೋಟ ಎಲ್ಲಿಂದ ಬಂತು, ಗಾಳಿ ಶುದ್ಧ ಮಾಡುವ ಯಂತ್ರ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದು ದಂಪತಿಯ ಜಗಳದೊಳಗೂ ಬರಬೇಕಿತ್ತು. ಬಂದಿದ್ದರೆ ತರ್ಕಕ್ಕೆ ಮೈ ಬರುತ್ತಿತ್ತು. 2024ರ ಬುಕರ್ ಪಡೆದ ಸಮಂತಾ ಹಾರ್ವಿಯವರ 'ಆರ್ಬಿಟಲ್' ಮೂರನೆಯ ದಾರಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದೇ ದಿನ, ಭೂಮಿಗೆ 16 ಸುತ್ತು. ಘಟನೆ ಎನ್ನುವಂಥದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. 140 ಪುಟವನ್ನೂ ಮುಟ್ಟದ ಈ ಪುಸ್ತಕವನ್ನು ಒಂದೇ ಪಟ್ಟಿನಲ್ಲಿ ಓದಿದರೆ ಎಲ್ಲವೂ ಒಂದೇ ಎನಿಸುತ್ತದೆ. ದಿನಕ್ಕೆ ಎರಡು ಮೂರು ಸುತ್ತಿನ ಲೆಕ್ಕದಲ್ಲಿ ಓದಿ.

ಪಾಲ್ ಲಿಂಚ್ ಅವರ 'ಪ್ರಾಫೆಟ್ ಸಾಂಗ್' (2023ರ ಬುಕರ್) ಪ್ಯಾರಾ ಒಡೆಯದೆ, ಉದ್ಧರಣ ಚಿಹ್ನೆಯಿಲ್ಲದೆ ಸಾಗುತ್ತದೆ. ಸರ್ವಾಧಿಕಾರಕ್ಕೆ ಜಾರುತ್ತಿರುವ ಐರ್ಲೆಂಡಿನಲ್ಲಿ ಗಂಡನನ್ನು ಪೊಲೀಸರಿಗೆ ಕಳೆದುಕೊಂಡ ತಾಯಿಯ ಉಸಿರುಗಟ್ಟುವಿಕೆಗೆ ಈ ರೂಪ ಸರಿ. ಅನುಕರಿಸುವವರಿಗೆ ಸರಿಯಲ್ಲ. ರಾತ್ರಿ ಮಲಗುವ ಮುಂಚೆ ಓದುವ ಪುಸ್ತಕವೂ ಅಲ್ಲ, ನಿಲ್ಲಿಸಲು ಜಾಗವೇ ಸಿಗುವುದಿಲ್ಲ.

ಕಾದಂಬರಿಯಲ್ಲದಿದ್ದರೂ ಒಂದು ಪುಸ್ತಕವನ್ನು ಇಲ್ಲಿ ಬಿಡುವಂತಿಲ್ಲ. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆಯಿತು. ಕನ್ನಡಕ್ಕೆ ಅದು ಮೊದಲನೆಯದು, ಕತೆಗಳ ಸಂಕಲನಕ್ಕೂ ಮೊದಲನೆಯದು. ಅನುವಾದಕಿ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಹನ್ನೆರಡು ಕತೆಗಳಲ್ಲಿ ಕನ್ನಡ, ಉರ್ದು, ಅರಬಿ ಪದಗಳನ್ನು ಅವರು ಓರೆ ಅಕ್ಷರದಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಕತೆಯೊಳಗಿನ ಹೆಂಗಸಿಗೆ ಆ ಪದದ ಅರ್ಥ ಗೊತ್ತಿದೆ, ಸಾಕು. ಲಂಡನ್ನಿನ ಓದುಗರಿಗೆ ಬೇಕಿದ್ದರೆ ಹುಡುಕಿಕೊಳ್ಳಲಿ. ಗಣೇಶಯ್ಯನವರ ಟಿಪ್ಪಣಿಗಳನ್ನು ಮೆಚ್ಚಿ ಇದನ್ನೂ ಮೆಚ್ಚುವುದು ಹೇಗೆ ಎಂದರೆ, ಎರಡು ಕಡೆಯೂ ತೀರ್ಮಾನ ಆಗಿರುವುದು ಪಾತ್ರದ ಅಗತ್ಯದಿಂದ. ದೀಪಾ ಭಾಸ್ತಿಯವರೇ ಅನುವಾದಿಸಿದ ಕೊಡಗಿನ ಗೌರಮ್ಮನವರ ಕತೆಗಳೂ ಇಂಗ್ಲಿಷಿನಲ್ಲಿ ಬಂದಿವೆ. 1939ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ ಆಕೆಯ ಕನ್ನಡವನ್ನು ಕನ್ನಡದಲ್ಲೇ ಓದುವ ಭಾಗ್ಯ ನಮಗಿದೆ, ಬಳಸಿಕೊಳ್ಳಿ.

ದಪ್ಪ ಪುಸ್ತಕಗಳಲ್ಲಿ ಅಬ್ರಹಾಂ ವರ್ಗೀಸರ 'ದ ಕವನೆಂಟ್ ಆಫ್ ವಾಟರ್' (2023). 1900ರಿಂದ 1977ರವರೆಗೆ ಕೇರಳದ ಒಂದು ಕ್ರೈಸ್ತ ಕುಟುಂಬ, ತಲೆಮಾರಿಗೊಬ್ಬರು ನೀರಿನಲ್ಲಿ ಸಾಯುತ್ತಾರೆ. ವರ್ಗೀಸ್ ವೈದ್ಯರು. ಶಸ್ತ್ರಚಿಕಿತ್ಸೆ, ಕುಷ್ಠರೋಗದ ಆಸ್ಪತ್ರೆ, ಕೈಬೆರಳಿನ ನರಗಳು ಎಲ್ಲವೂ ವಿವರವಾಗಿ ಬರುತ್ತವೆ, ಒಂದೂ ಬೇಸರ ತರುವುದಿಲ್ಲ. ಬೇಸರ ತರುವುದು ಸಜ್ಜನಿಕೆ. ಏಳು ನೂರು ಪುಟ ಮೀರಿದ ಕತೆಯಲ್ಲಿ ನಿಜವಾಗಿ ಕೆಟ್ಟವರು ಬೆರಳೆಣಿಕೆಗೂ ಸಿಗುವುದಿಲ್ಲ.

ಇಂಥ ದಪ್ಪ ಪುಸ್ತಕಗಳನ್ನು ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಮಳೆಗಾಲದಲ್ಲಿ ಉಳಿಸಿಕೊಳ್ಳುವುದೇ ಒಂದು ಕೆಲಸವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಮುಚ್ಚಿದ ಸ್ಟೀಲ್ ಬೀರುವಿನಲ್ಲಿ ತೇವ ಒಳಗೇ ಉಳಿಯುತ್ತದೆ. ಅಲ್ಲಿ ಸಿಲಿಕಾ ಜೆಲ್ ಇಟ್ಟರೆ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬೇಕು, ಇಟ್ಟು ಮರೆತರೆ ಪ್ರಯೋಜನವಿಲ್ಲ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಸ್ಟಿಗೆ ಅಲ್ಲ. ಬೂಸ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ. ಮೊದಲು ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಹೊರಗೆ ಜಗಲಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಿಂದ ಉಜ್ಜಿ. ಮಧ್ಯಾಹ್ನದ ಬಿಸಿಲಿಗೆ ಗಂಟೆಗಟ್ಟಲೆ ಇಟ್ಟರೆ ಪೇಪರ್‌ಬ್ಯಾಕಿನ ಬೆನ್ನಿನ ಅಂಟು ಬಿರಿಯುತ್ತದೆ. ನೆನೆದುಹೋದದ್ದನ್ನು ತಕ್ಷಣ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಬಿಸಿಲು ಬರುವವರೆಗೆ ಬೂಸ್ಟು ತಡೆಯುತ್ತದೆ. ಕರೆಂಟು ಹೋಗದಿದ್ದರೆ, ಅಷ್ಟೇ. ನುಣುಪು ಕಾಗದದ ಚಿತ್ರಪುಟಗಳು ಒಮ್ಮೆ ಒಂದಕ್ಕೊಂದು ಅಂಟಿ ಒಣಗಿದರೆ ಬಿಡಿಸುವ ಆಸೆ ಬಿಡಿ.

ಇನ್ನು ಕೊಡಗು. ಬ್ರಿಟಿಷರು 1834ರಲ್ಲಿ ಪದಚ್ಯುತಗೊಳಿಸಿದ ಅರಸನ ಬಗ್ಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ', ಭಾರತೀಸುತರ ಕಾದಂಬರಿಗಳು, ಇಂಗ್ಲಿಷಿನಲ್ಲಿ ಕಾವೇರಿ ನಂಬೀಸನ್ನರ 'ದ ಸೆಂಟ್ ಆಫ್ ಪೆಪ್ಪರ್' (1996), ಸರಿತಾ ಮಂದಣ್ಣರ 'ಟೈಗರ್ ಹಿಲ್ಸ್' (2010) ಇವೆಲ್ಲ ಈ ನೆಲವನ್ನು ಒಳಗಿನಿಂದ ಬಲ್ಲವು, ಒಂದೊಂದರ ಜೊತೆಗೂ ಜಗಳ ಆಡಬಹುದು, ಅದು ಬೇರೆ. ನನ್ನ ಕಿರಿಕಿರಿ ಇರುವುದು ಕೊಡಗನ್ನು ಹನಿಮೂನಿಗೆ, ಕೊಲೆಗೆ, ದೆವ್ವಕ್ಕೆ ಬಾಡಿಗೆ ಹಿಡಿಯುವ ಈಚಿನ ಥ್ರಿಲ್ಲರ್ ಮತ್ತು ಪ್ರೇಮ ಕಾದಂಬರಿಗಳ ಬಗ್ಗೆ. ಅವುಗಳಲ್ಲಿ ವರ್ಷವಿಡೀ ಮಂಜು, ವರ್ಷವಿಡೀ ಕಾಫಿ ಹೂವು. ನಿಜಕ್ಕೂ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ಹೂವು, ಅದು ಎರಡು ಮೂರು ದಿನದ ಮಾತು, ಹೆಚ್ಚಾಗಿ ಫೆಬ್ರವರಿ-ಏಪ್ರಿಲ್ ನಡುವೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ ಮಾರ್ಚ್. ಬಿಳಿ ಹೂವಿನ ನಡುವೆ ನಾಯಕಿ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕೆಂಪು ಹಣ್ಣು ಕೊಯ್ಯುತ್ತಿದ್ದರೆ ಆಗುವುದೇ ಇಲ್ಲ ಎಂದಲ್ಲ. ಜನವರಿಯಲ್ಲಿ ಅಕಾಲ ಮಳೆ ಬಿದ್ದ ವರ್ಷ ಆಗುತ್ತದೆ. ಆದರೆ ಆಗ ಅಲ್ಲಿ ಹಾಡು ಬರುವುದಿಲ್ಲ. ಕೊಯ್ಯಲು ಹೋದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ, ಕಣದಲ್ಲಿದ್ದ ಕಾಫಿ ನೆನೆದಿದೆ, ಆಳು ಸಿಗುವುದಿಲ್ಲ. ಆ ದಿನ ತೋಟದ ಮಾಲೀಕನನ್ನು ಯಾರಾದರೂ ಕೊಂದರೆ ಪತ್ತೇದಾರನಿಗೆ ಶಂಕಿತರು ಕಡಿಮೆ ಬೀಳುವುದಿಲ್ಲ.

ಲೈನ್‌ಮನೆಯಲ್ಲಿರುವವರು, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಲ್ಲಿರುವವರು, ಯಾವ ಭಾಷೆ ಆಡುತ್ತಾರೆ, ಮೇಸ್ತ್ರಿಗೂ ರೈಟರಿಗೂ ಏನು ವ್ಯತ್ಯಾಸ, ಕೊಯ್ಲಿನ ಕೂಲಿ ದಿನಕ್ಕೋ ಕಿಲೋಗೋ, ಇವಿಷ್ಟು ಗೊತ್ತಿದ್ದರೂ ಎಷ್ಟೋ ಪ್ರಸಂಗಗಳು ತಾವಾಗಿ ಹುಟ್ಟುತ್ತವೆ. ಎಲ್ಲ ಪಾತ್ರಗಳಿಗೂ ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಡಿಸಿ ನಿಲ್ಲಿಸುವವರಿಗೆ ಅರೆಭಾಷೆ ಆಡುವ ಮನೆಗಳು, ಯರವರು, ಕುರುಬರು, ಮಾಪಿಳ್ಳೆಗಳು ಕಾಣುವುದೇ ಇಲ್ಲ.

ಬರಬೇಕಾಗಿರುವ ಕಾದಂಬರಿ 2018ರ ಆಗಸ್ಟಿನದು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಜರಿದದ್ದನ್ನು ಫೋನಿನ ವಿಡಿಯೋಗಳಲ್ಲಿ ಎಲ್ಲರೂ ನೋಡಿದ್ದಾರೆ, ಹಾಗಾಗಿ ಗುಡ್ಡ ಜರಿಯುವ ವರ್ಣನೆಯಿಂದ ಶುರು ಮಾಡಿದರೆ ಆ ಕಾದಂಬರಿ ಸೋತಂತೆ. ಬರೆಯುವವರು ಕಂದಾಯ ಕಚೇರಿಯಿಂದ ಶುರು ಮಾಡಲಿ. ಆಗ ಜಮ್ಮಾ ಜಮೀನು (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ) ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿರುತ್ತಿತ್ತು, ಅನುಭವದಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಹತ್ತಾರು ಮನೆಗಳಿರುತ್ತಿದ್ದವು. ಪಟ್ಟೆದಾರರು ತೀರಿಹೋಗಿ ಹೆಸರು ಬದಲಾಗದೇ ಉಳಿದಿರಬಹುದು. ಪಹಣಿಯಲ್ಲಿ ಐದು ಎಕರೆ ಇದೆ, ನೆಲದ ಮೇಲೆ ಅದು ಹೊಳೆಯ ಪಾಲಾಗಿದೆ. ಪರಿಹಾರ ಯಾರಿಗೆ, ಎಷ್ಟು ಪಾಲು, ಮಣ್ಣೇ ಇಲ್ಲದ ಸರ್ವೆ ನಂಬರಿನ ಗಡಿ ತೋರಿಸುವವರು ಯಾರು? ಲೈನ್‌ಮನೆಯಲ್ಲಿದ್ದವರ ಹೆಸರು ಯಾವ ಕಾಗದದಲ್ಲಿದೆ? ಆಮೇಲೆ ಮದೆನಾಡು, ಜಂಬೂರು, ಕರ್ಣಂಗೇರಿಯಲ್ಲಿ ಮನೆ ಕಳೆದುಕೊಂಡವರಿಗೆ ಸಾಲು ಮನೆಗಳು ಬಂದವು. ಹಿತ್ತಲು, ಹಂದಿಗೂಡು, ಕಣ, ಮೆಣಸಿನ ಬಳ್ಳಿ ಇದ್ದವರು ಅಕ್ಕಪಕ್ಕ ಗೋಡೆಯ ಕಾಲೊನಿಗೆ ಹೋದರು. ಒಕ್ಕದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನ ಪಾಲು ಜರಿದು ಇನ್ನೊಬ್ಬನದು ಉಳಿದಿದ್ದರೆ, ಅರ್ಜಿಗೆ ಉಳಿದವನ ಸಹಿಯೂ ಬೇಕಾದರೆ, ಇಲ್ಲಿಂದ ಮುನ್ನೂರು ಪುಟ ಎಳೆಯುವುದು ಕಷ್ಟವಲ್ಲ. ಯಾರಾದರೂ ಬರೆಯುತ್ತಿದ್ದರೆ ಒಂದೇ ಕೋರಿಕೆ: ಅರ್ಜಿ ನಮೂನೆಯನ್ನು ಪೂರ್ತಿಯಾಗಿ ಕೊಡಿ, ಒಂದೊಂದು ಕಾಲಂನ್ನೂ ಬಿಡದೆ.